ಗಣಕಯಂತ್ರದ ಒಳಗನ್ನು ಅರಿಯುವುದು ಹೇಗೆ?

ಕೆಲವು ತಿಂಗಳುಗಳ ಹಿಂದೆ, ತಾಲ್ಲೂಕು ಕೇಂದ್ರವೊಂದರ ಪದವಿಪೂರ್ವ ಕಾಲೇಜಿನಲ್ಲಿ ಗಣಕಯಂತ್ರವನ್ನು ಕುರಿತು ನಾವು ಒಂದು ಗಂಟೆಯ ಕಾಲ ಮಾತನಾಡಿದೆವು. ಉಪನ್ಯಾಸ ಮುಗಿದು ಪ್ರಶ್ನೆಗಳಿಗೆ ಅವಕಾಶ ದೊರೆತಾಗ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸಾರ್, ನಾನು 'ಕ' ಅಕ್ಷರವನ್ನು ಒತ್ತಿದರೆ ಅದು 'ಕ' ಎಂದು ಯಂತ್ರಕ್ಕೆ ಹೇಗೆ ಗೊತ್ತಾಗುತ್ತದೆ?" ಎಂದು ಕೇಳಿದಳು. ಸಭೆಯಲ್ಲಿ ಕೆಲವರು ನಕ್ಕರು. ನಾವು, "ಅದನ್ನು ಪ್ರೊಸೆಸರ್ ಎಂಬ ಭಾಗವು ನೋಡಿಕೊಳ್ಳುತ್ತದೆ" ಎಂದು ಉತ್ತರ ಕೊಟ್ಟು ಮುಂದಿನ ಪ್ರಶ್ನೆಗೆ ಹೋದೆವು. ಆಕೆ ಕುಳಿತುಬಿಟ್ಟಳು. ಊರಿಗೆ ಹಿಂದಿರುಗುವ ಬಸ್ಸಿನಲ್ಲಿ ಯೋಚಿಸಿದಾಗ, ಅಂದು ಕೇಳಿದ ಪ್ರಶ್ನೆಗಳಲ್ಲೆಲ್ಲ ಅದೇ ಉತ್ತಮವಾದದ್ದೆಂದೂ, ನಾವು ಕೊಟ್ಟದ್ದು ಉತ್ತರವಲ್ಲ, ಬರಿಯ ಒಂದು ಹೆಸರೆಂದೂ ನಮಗೆ ತಿಳಿಯಿತು. ಆ ಸಾಲವನ್ನು ತೀರಿಸುವ ಪ್ರಯತ್ನವೇ ಈ ಲೇಖನ.

ಕಾರಣದ ಬದಲಿಗೆ ಹೆಸರನ್ನು ಕೊಡುವ ಈ ದೋಷ ನಮ್ಮೊಬ್ಬರದೇ ಅಲ್ಲ. ಗಣಕಯಂತ್ರವನ್ನು ಪರಿಚಯಿಸುವ ಪಾಠಗಳು ಬಹುಮಟ್ಟಿಗೆ ಹೆಸರುಗಳ ಪಟ್ಟಿಯಿಂದಲೇ ಆರಂಭವಾಗುತ್ತವೆ. ಅದರ ಪಿತಾಮಹ ಯಾರು, ಈ ಸಂಕ್ಷೇಪದ ಪೂರ್ಣರೂಪವೇನು, ಆ ಭಾಗದ ಹೆಸರೇನು ಎಂಬುದನ್ನು ಬಾಯಿಪಾಠ ಮಾಡಿದವನಿಗೆ ಪರೀಕ್ಷೆಯಲ್ಲಿ ಅಂಕಗಳು ಬರುತ್ತವೆ. ಪೆಟ್ಟಿಗೆ ಮಾತ್ರ ಮುಚ್ಚಿದ ಪೆಟ್ಟಿಗೆಯಾಗಿಯೇ ಉಳಿಯುತ್ತದೆ. ಇನ್ನು ಕೆಲವರು ಯಾವುದಾದರೊಂದು ಪ್ರೋಗ್ರಾಮ್ ಭಾಷೆಯನ್ನು ಕಲಿಯಲು ತೊಡಗುತ್ತಾರೆ. ಇದು ಬಹಳ ಉಪಯುಕ್ತವಾದ ವಿದ್ಯೆ. ಆದರೆ ಬಸ್ಸು ಹಿಡಿದು ಊರು ಸೇರಬಲ್ಲವನಿಗೆಲ್ಲ ಎಂಜಿನ್ನಿನ ಪರಿಚಯವಾಗುವುದಿಲ್ಲವಷ್ಟೆ. ಯಂತ್ರವು ಹೇಗೆ ಕೆಲಸಮಾಡುತ್ತದೆಂಬುದೇ ನಮ್ಮ ಕುತೂಹಲವಾಗಿದ್ದರೆ ತೀರ ಕೆಳಗಿನಿಂದ, ಅಂದರೆ ಒಂದು ಸ್ವಿಚ್ಚಿನಿಂದ, ಆರಂಭಿಸುವುದೇ ಲೇಸೆಂದು ನಮ್ಮ ಅಭಿಪ್ರಾಯ. ಇದಕ್ಕೆ ಗಣಕಯಂತ್ರವೇ ಬೇಕೆಂದಿಲ್ಲ. ಎರಡು ಟಾರ್ಚ್ ಸೆಲ್ಲುಗಳು, ಎರಡು ಸಣ್ಣ ಬಲ್ಬುಗಳು, ಒಂದಿಷ್ಟು ತಂತಿ, ಕಾಗದ, ಒಂದು ಸ್ಲೇಟು, ಇವಿಷ್ಟಿದ್ದರೆ ಸಾಕು.

ಮೊದಲು ಎರಡು ಗುರುತುಗಳ ವಿಚಾರ. ಗಣಕಯಂತ್ರವು 0 ಮತ್ತು 1 ಎಂಬ ಎರಡೇ ಅಂಕಿಗಳಿಂದ ಎಲ್ಲವನ್ನೂ ಬರೆಯುತ್ತದೆಂಬುದನ್ನು ವಾಚಕರು ಕೇಳಿಯೇ ಇರುವರು. ಕನ್ನಡದ ವಿದ್ಯಾರ್ಥಿಗೆ ಇದು ಹೊಸದಾಗಿ ತೋರಬೇಕಾದ ಕಾರಣವಿಲ್ಲ. ಛಂದಸ್ಸಿನ ಪಾಠದಲ್ಲಿ ನಾವು ಪದ್ಯದ ಸಾಲನ್ನೆಲ್ಲ ಲಘು, ಗುರು ಎಂಬ ಎರಡೇ ಗುರುತುಗಳಿಗೆ ಇಳಿಸುತ್ತೇವೆ. ಮೂರು ಅಕ್ಷರಗಳಿಗೆ ಒಂದರಂತೆ ಗಣ ಮಾಡಿದರೆ ಮಗಣದಿಂದ ಮೊದಲುಗೊಂಡು ಎಂಟು ಗಣಗಳು ದೊರೆಯುತ್ತವೆ. ಒಂಬತ್ತನೆಯದು ಏಕಿಲ್ಲ? ಮೊದಲನೆಯ ಸ್ಥಾನಕ್ಕೆ ಎರಡು ಆಯ್ಕೆ, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಎರಡು. ಒಟ್ಟು ಎರಡೆರಡಲ ನಾಲ್ಕು, ನಾಲ್ಕೆರಡಲ ಎಂಟು. ನಾಲ್ಕು ಸ್ಥಾನಗಳಾದರೆ ಹದಿನಾರು, ಎಂಟು ಸ್ಥಾನಗಳಾದರೆ 256. ಪಿಂಗಳನ ಛಂದಃಶಾಸ್ತ್ರದ ಪ್ರಸ್ತಾರದಲ್ಲಿ ಈ ಜೋಡಣೆಗಳನ್ನು ಒಂದೂ ಬಿಡದಂತೆ ಕ್ರಮವಾಗಿ ಬರೆಯುವ ವಿಧಾನವಿದೆ. ಇದನ್ನು ಕಂಡು ನಮ್ಮ ಪೂರ್ವಿಕರು ಗಣಕಯಂತ್ರವನ್ನೇ ಬಲ್ಲವರಾಗಿದ್ದರೆಂದು ಬೀಗುವವರುಂಟು. ಅದು ಸರಿಯಲ್ಲ. ಎರಡು ಗುರುತುಗಳನ್ನು ಎಣಿಸುವ ಗಣಿತ ಅವರಲ್ಲಿತ್ತು. ಒಂದು ಗುರುತು ತಾನಾಗಿ ಇನ್ನೊಂದನ್ನು ಬದಲಿಸುವ ಯಂತ್ರ ಇರಲಿಲ್ಲ. ಈ ವ್ಯತ್ಯಾಸವೇ ಮುಂದೆ ನಮಗೆ ಮುಖ್ಯವಾಗಲಿದೆ.

ಎರಡು ಗುರುತುಗಳಿಂದ ಸಂಖ್ಯೆಯನ್ನು ಬರೆಯುವುದನ್ನು ಸಂತೆಯ ತಕ್ಕಡಿಯಿಂದ ಕಲಿಯಬಹುದು. ವ್ಯಾಪಾರಿಯ ಬಳಿ 1, 2, 4, 8 ಕಿಲೋಗ್ರಾಮಿನ ನಾಲ್ಕೇ ಬೊಟ್ಟುಗಳಿವೆಯೆಂದು ಭಾವಿಸೋಣ. ಒಂದರಿಂದ ಹದಿನೈದು ಕಿಲೋಗ್ರಾಮಿನವರೆಗೆ ಯಾವ ತೂಕವನ್ನಾದರೂ ಆತ ತೂಗಬಲ್ಲ. ಹದಿಮೂರು ಬೇಕಾದರೆ 8, 4, 1 ತಟ್ಟೆಯಲ್ಲಿರುತ್ತವೆ, 2 ಹೊರಗಿರುತ್ತದೆ. ತಟ್ಟೆಯಲ್ಲಿರುವ ಬೊಟ್ಟಿಗೆ 1, ಹೊರಗಿರುವುದಕ್ಕೆ 0 ಎಂದು ದೊಡ್ಡದರಿಂದ ಚಿಕ್ಕದಕ್ಕೆ ಬರೆದರೆ 1101 ಎಂದಾಯಿತು. ಇದೇ ದ್ವಿಮಾನ ಪದ್ಧತಿಯಲ್ಲಿ ಹದಿಮೂರು. ಇಂಥ ಒಂದೊಂದು ಸ್ಥಾನಕ್ಕೂ ಬಿಟ್ ಎಂದು ಹೆಸರು.

ಕೂಡುವ ಕ್ರಮವೂ ನಮ್ಮ ಪ್ರಾಥಮಿಕ ಶಾಲೆಯ ಕ್ರಮವೇ. ಸೊನ್ನೆಗೆ ಸೊನ್ನೆ ಕೂಡಿದರೆ ಸೊನ್ನೆ. ಸೊನ್ನೆಗೆ ಒಂದನ್ನು ಕೂಡಿದರೆ ಒಂದು. ಒಂದಕ್ಕೆ ಒಂದನ್ನು ಕೂಡಿದರೆ ಎರಡು, ಅದನ್ನು 10 ಎಂದು ಬರೆಯಬೇಕಾದ್ದರಿಂದ ಕೆಳಗೆ ಸೊನ್ನೆ, ಕೈಯಲ್ಲಿ ಒಂದು. ಆರನ್ನೂ ಮೂರನ್ನೂ ಕೂಡುವಾಗ 110ರ ಕೆಳಗೆ 011 ಬರೆಯುತ್ತೇವೆ. ಬಲಗಡೆಯಿಂದ: 0 ಮತ್ತು 1 ಕೂಡಿ 1, 1 ಮತ್ತು 1 ಕೂಡಿ 0, ಕೈಯಲ್ಲಿ 1, 1, 0 ಮತ್ತು ಕೈಯಲ್ಲಿದ್ದ 1 ಕೂಡಿ 0, ಕೈಯಲ್ಲಿ 1, ಆ ಒಂದನ್ನು ಕೆಳಗಿಳಿಸಿದರೆ 1001, ಅಂದರೆ ಎಂಟು ಮತ್ತು ಒಂದು, ಒಂಬತ್ತು. ವಾಚಕರು ಮುಂದೆ ಹೋಗುವುದಕ್ಕೆ ಮುಂಚೆ ಇಂಥ ನಾಲ್ಕೈದು ಲೆಕ್ಕಗಳನ್ನು ಸ್ವತಃ ಮಾಡಿ ನೋಡಬೇಕೆಂದು ಕೋರುತ್ತೇವೆ. ಓದಿ ತಲೆದೂಗುವುದು ಬೇರೆ, ಕೈಯಲ್ಲಿ ಮಾಡುವುದು ಬೇರೆ.

ಈಗ ಇದನ್ನು ತಂತಿಗಳಿಂದ ಮಾಡಿಸಬೇಕು. ಮಹಡಿಯ ಮನೆಗಳಲ್ಲಿ ಮೆಟ್ಟಲಿನ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್ಚಿರುವುದನ್ನು ನೀವು ನೋಡಿರಬಹುದು. ಕೆಳಗೆ ಹೊತ್ತಿಸಿ ಮೇಲೆ ಆರಿಸಬಹುದು. ಮೇಲೆ ಹೊತ್ತಿಸಿ ಕೆಳಗೆ ಆರಿಸಬಹುದು. ಈ ಟೂ-ವೇ ಸ್ವಿಚ್ಚುಗಳ ನಡುವೆ ಎರಡು ತಂತಿಗಳು ಓಡುತ್ತವೆ. ಅವುಗಳನ್ನು ಅಡ್ಡಹಾಯಿಸಿ ಜೋಡಿಸಿದರೆ, ಎರಡು ಸ್ವಿಚ್ಚುಗಳೂ ಒಂದೇ ಕಡೆಗಿರುವಾಗ ದೀಪ ಆರಿರುತ್ತದೆ. ಬೇರೆ ಬೇರೆ ಕಡೆಗಿರುವಾಗ ಉರಿಯುತ್ತದೆ. ಸ್ವಿಚ್ಚು ಕೆಳಗಿದ್ದರೆ 1, ಮೇಲಿದ್ದರೆ 0, ದೀಪ ಉರಿದರೆ 1, ಆರಿದ್ದರೆ 0 ಎಂದು ಗುರುತು ಹಾಕಿಕೊಂಡು ನೋಡಿರಿ. ನಾವು ಈಗತಾನೆ ಕಲಿತ ಸಂಕಲನದ ಕೆಳಗಿನ ಅಂಕಿಯಲ್ಲವೆ ಇದು? ಪ್ರತಿರಾತ್ರಿ ಮೆಟ್ಟಲು ಹತ್ತುವವರು ಒಂದು ಬಿಟ್ಟಿನ ಲೆಕ್ಕವನ್ನು ಅರಿಯದೆಯೇ ಮಾಡುತ್ತಿದ್ದಾರೆ!

ಉಳಿದದ್ದು ಕೈಯಲ್ಲಿ ಉಳಿಯುವ ಒಂದು. ಅದು ಎರಡೂ 1 ಆಗಿದ್ದಾಗ ಮಾತ್ರ ಬರುವುದಷ್ಟೆ. ಎರಡು ಸ್ವಿಚ್ಚುಗಳನ್ನು ಒಂದರ ಹಿಂದೆ ಒಂದರಂತೆ ಒಂದೇ ತಂತಿಯಲ್ಲಿ ಜೋಡಿಸಿದರೆ, ಎರಡನ್ನೂ ಒತ್ತಿದಾಗ ಮಾತ್ರ ದೀಪ ಉರಿಯುತ್ತದೆ. ಇದು ಎರಡನೆಯ ದೀಪ. ಎರಡು ದೀಪಗಳಿಗೂ ಅದೇ ಸ್ವಿಚ್ಚುಗಳು ಬೇಕಾದುದರಿಂದ, ಒಂದೇ ಗುಂಡಿಯಿಂದ ಎರಡು ಪ್ರತ್ಯೇಕ ದಾರಿಗಳನ್ನು ಬದಲಿಸುವ ಸಣ್ಣ ಸ್ವಿಚ್ಚನ್ನು ಕೊಳ್ಳಬೇಕು. ಅಂಗಡಿಯವರು ಇದನ್ನು ಡಿ.ಪಿ.ಡಿ.ಟಿ. ಎನ್ನುತ್ತಾರೆ, ಬೆಂಗಳೂರಿನ ಸದರ್ ಪತ್ರಪ್ಪ ರಸ್ತೆಯಲ್ಲಂತೂ ಧಾರಾಳವಾಗಿ ಸಿಗುತ್ತದೆ. ಈ ಪ್ರಯೋಗವನ್ನು ಟಾರ್ಚ್ ಸೆಲ್ಲುಗಳಿಂದಲೇ ಮಾಡತಕ್ಕದ್ದು. ಮನೆಯ ಗೋಡೆಯ ವಿದ್ಯುತ್ತಿಗೆ ಎಂದಿಗೂ ಕೈಹಾಕಬಾರದು.

ಇದು ಮಕ್ಕಳಾಟವೆಂದು ಯಾರೂ ಭಾವಿಸಬೇಕಾಗಿಲ್ಲ. 1937ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಗಣಿತಜ್ಞ ಜಾರ್ಜ್ ಸ್ಟಿಬಿಟ್ಸ್ ತನ್ನ ಮನೆಯ ಅಡಿಗೆಮನೆಯ ಮೇಜಿನ ಮೇಲೆ ಮಾಡಿದ್ದು ಬಹುಮಟ್ಟಿಗೆ ಇದನ್ನೇ. ಟೆಲಿಫೋನ್ ಇಲಾಖೆಯ ಹಳೆಯ ರಿಲೇಗಳು, ಟಾರ್ಚಿನ ಬಲ್ಬುಗಳು, ಬ್ಯಾಟರಿ, ತಂಬಾಕಿನ ಡಬ್ಬಿಯಿಂದ ಕತ್ತರಿಸಿದ ತಗಡಿನ ಪಟ್ಟಿಗಳು, ಇವೇ ಆತನ ಸಾಮಗ್ರಿ. ಎರಡು ದ್ವಿಮಾನ ಅಂಕಿಗಳನ್ನು ಕೂಡುವ ಆ ಯಂತ್ರಕ್ಕೆ, ಅಡಿಗೆಮನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರವನ್ನು ತೆಗೆದುಕೊಂಡು, 'ಮಾಡೆಲ್ ಕೆ' ಎಂದು ಹೆಸರಾಯಿತು. ಅದೇ ವರ್ಷ ಕ್ಲಾಡ್ ಶ್ಯಾನನ್ ಎಂಬ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ, ಸ್ವಿಚ್ಚುಗಳ ಯಾವ ಜೋಡಣೆಯನ್ನಾದರೂ 'ಮತ್ತು', 'ಅಥವಾ', 'ಅಲ್ಲ' ಎಂಬ ಮೂರು ಮಾತುಗಳ ಬೀಜಗಣಿತದಿಂದ ಲೆಕ್ಕಹಾಕಬಹುದೆಂದು ತೋರಿಸಿದ. ಆ ಬೀಜಗಣಿತವಾದರೋ, ಚಮ್ಮಾರನ ಮಗನಾಗಿ ಹುಟ್ಟಿ ಹೆಚ್ಚಿನದನ್ನು ತಾನೇ ಓದಿ ಕಲಿತ ಜಾರ್ಜ್ ಬೂಲ್ ಎಂಬ ಇಂಗ್ಲಿಷ್ ಗಣಿತಜ್ಞನದು. 1854ರಲ್ಲಿ ಆತ ಅದನ್ನು ವಿಸ್ತಾರವಾಗಿ ಪ್ರಕಟಿಸಿದಾಗ ಅದಕ್ಕೂ ವಿದ್ಯುತ್ತಿಗೂ ಏನೊಂದು ಸಂಬಂಧವೂ ಇರಲಿಲ್ಲ.

ನಮ್ಮ ಮೇಜಿನ ಮೇಲಿನ ಎರಡು ದೀಪಗಳಿಗೂ ಸ್ಟಿಬಿಟ್ಸನ ಯಂತ್ರಕ್ಕೂ ಒಂದು ದೊಡ್ಡ ಅಂತರವಿದೆ. ನಾವು ಎರಡನೆಯ ಸ್ಥಾನದ ಅಂಕಿಗಳನ್ನು ಕೂಡಬೇಕಾದರೆ, ಮೊದಲನೆಯ ಸ್ಥಾನದಿಂದ ಬಂದ 'ಕೈಯಲ್ಲಿನ ಒಂದ'ನ್ನು ಸೇರಿಸಿಕೊಳ್ಳಬೇಕು. ಆ ಒಂದು ಈಗ ಎಲ್ಲಿದೆ? ಬಲ್ಬಿನ ಬೆಳಕಿನಲ್ಲಿದೆ. ಬೆಳಕು ಹೋಗಿ ಮುಂದಿನ ಸ್ವಿಚ್ಚನ್ನು ಒತ್ತಲಾರದು. ಅದನ್ನು ನೋಡಿ ನಮ್ಮ ಬೆರಳೇ ಒತ್ತಬೇಕು. ಬೆರಳನ್ನು ತೆಗೆದುಹಾಕುವುದು ಹೇಗೆ? ರಿಲೇ ಮಾಡುವ ಕೆಲಸವೇ ಇದು. ಕಬ್ಬಿಣದ ತಿರುಳಿನ ಸುತ್ತ ತಂತಿಯ ಸುರುಳಿಯಿರುತ್ತದೆ. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದು ಅಯಸ್ಕಾಂತವಾಗಿ ಎದುರಿನ ತಗಡನ್ನು ಎಳೆದು ಮತ್ತೊಂದು ತಂತಿಯ ಸ್ವಿಚ್ಚನ್ನು ಮುಚ್ಚುತ್ತದೆ. ವಿದ್ಯುತ್ತು ನಿಂತಾಗ ಸ್ಪ್ರಿಂಗು ತಗಡನ್ನು ಹಿಂದಕ್ಕೆ ಎಳೆಯುತ್ತದೆ. ಅಂದರೆ ಒಂದು ಸ್ವಿಚ್ಚಿನ ಫಲವು ಇನ್ನೊಂದು ಸ್ವಿಚ್ಚನ್ನು ತಾನೇ ಒತ್ತುತ್ತದೆ. ಲಘು ಗುರುಗಳಲ್ಲಿ ಇಲ್ಲದೆ ಇದ್ದದ್ದು ಇದೇ. ಈ ಒಂದು ಹೆಜ್ಜೆ ಸರಿಯಾಗಿ ಮನಸ್ಸಿಗೆ ಹತ್ತಿದರೆ, ಉಳಿದದ್ದೆಲ್ಲ ಇದರ ಮೇಲೆ ಕಟ್ಟಿದ ಮನೆ. ಎಂಟು ಸ್ಥಾನಗಳ ಸಂಕಲನಕ್ಕೆ ಎಂಟು ಜೋಡಣೆಗಳನ್ನು ಸಾಲಾಗಿ ಇಟ್ಟು ಒಂದರ ಕೈಯನ್ನು ಇನ್ನೊಂದಕ್ಕೆ ಕೊಟ್ಟರಾಯಿತು.

ಕೂಡಿದ ಉತ್ತರವನ್ನು ಇಟ್ಟುಕೊಳ್ಳಲು ನೆನಪು ಬೇಕು. ಯಂತ್ರಕ್ಕೆ ನೆನಪು ಎಂದರೇನು? ಇದಕ್ಕೆ ಪ್ರಯೋಗಾಲಯಕ್ಕೆ ಹೋಗಬೇಕಾಗಿಲ್ಲ. ಹೊಲದ ಪಂಪ್‌ಸೆಟ್ಟಿನ ಬಳಿಗೆ ಹೋದರೆ ಸಾಕು. ಸ್ಟಾರ್ಟರಿನ ಹಸಿರು ಗುಂಡಿಯನ್ನು ಒಂದು ಸಲ ಒತ್ತಿ ಕೈ ತೆಗೆಯುತ್ತೇವೆ. ಗುಂಡಿ ಮೇಲಕ್ಕೆ ಬರುತ್ತದೆ, ಆದರೂ ಮೋಟಾರು ಓಡುತ್ತಲೇ ಇರುತ್ತದೆ. ಕೆಂಪು ಗುಂಡಿಯನ್ನು ಒತ್ತಿದಾಗ ನಿಲ್ಲುತ್ತದೆ, ಕೈ ತೆಗೆದ ಮೇಲೂ ನಿಂತೇ ಇರುತ್ತದೆ. ಹಾಗಾದರೆ ಯಾವ ಗುಂಡಿಯನ್ನು ಕಡೆಯ ಸಲ ಒತ್ತಿದರೆಂಬುದನ್ನು ಆ ಪೆಟ್ಟಿಗೆ ನೆನಪಿಟ್ಟುಕೊಂಡಿದೆಯೆಂದು ಹೇಳಬೇಕಲ್ಲವೆ? ಒಳಗಿರುವುದು ಒಂದು ದೊಡ್ಡ ರಿಲೇ. ಹಸಿರು ಗುಂಡಿಯು ಅದರ ಸುರುಳಿಗೆ ವಿದ್ಯುತ್ತನ್ನು ಕೊಡುತ್ತದೆ. ರಿಲೇ ಎಳೆದುಕೊಂಡೊಡನೆ ಅದರದೇ ಒಂದು ಸ್ವಿಚ್ಚು ಮುಚ್ಚಿ, ಅದೇ ಸುರುಳಿಗೆ ಮತ್ತೊಂದು ದಾರಿಯಿಂದ ವಿದ್ಯುತ್ತನ್ನು ಒದಗಿಸುತ್ತದೆ. ತನ್ನನ್ನು ತಾನೇ ಹಿಡಿದುಕೊಳ್ಳುವ ಸ್ವಿಚ್ಚು ಇದು. ಕೆಂಪು ಗುಂಡಿಯು ಆ ದಾರಿಯನ್ನು ಕಡಿಯುತ್ತದೆ. ಒಂದು ಬಿಟ್ಟಿನ ನೆನಪೆಂದರೆ ಇಷ್ಟೆ. (ವಿವರವನ್ನು ನೋಡುವ ಆಸೆಯಿಂದ ಸ್ಟಾರ್ಟರಿನ ಮುಚ್ಚಳವನ್ನು ತೆರೆಯಬೇಡಿರಿ, ಮೂರು ಫೇಸಿನ ವಿದ್ಯುತ್ತು ಪ್ರಾಣಾಂತಕವಾದದ್ದು.)

ಕರೆಂಟು ಹೋಗಿ ಬಂದರೆ ಏನಾಗುತ್ತದೆಂಬುದನ್ನು ರೈತನ ಮನೆಯ ಮಕ್ಕಳಿಗೆ ನಾವು ಹೇಳಬೇಕಾಗಿಲ್ಲ. ಸ್ಟಾರ್ಟರು ಬಿದ್ದುಹೋಗುತ್ತದೆ, ರಾತ್ರಿಯಾದರೂ ಎದ್ದು ಹೋಗಿ ಹಸಿರು ಗುಂಡಿಯನ್ನು ಮತ್ತೆ ಒತ್ತಬೇಕು. ಅರ್ಧ ಬರೆದ ಪತ್ರವನ್ನು ಉಳಿಸಿಡುವ ಮೊದಲು ಕರೆಂಟು ಹೋದಾಗ ಗಣಕಯಂತ್ರವು ಅದನ್ನು ಮರೆತುಬಿಡುವುದಕ್ಕೂ ಮೂಲಕಾರಣ ಇದೇ. ವಿದ್ಯುತ್ತಿನ ಬಲದಿಂದ ಹಿಡಿದುಕೊಂಡ ನೆನಪು ವಿದ್ಯುತ್ತಿನೊಡನೆ ಹೋಗುತ್ತದೆ. ಅದಕ್ಕಾಗಿಯೇ ಶಾಶ್ವತವಾಗಿ ಇಡಬೇಕಾದುದನ್ನು ಬೇರೆ ಬಗೆಯ ಸಾಧನದಲ್ಲಿ ಬರೆದಿಡುತ್ತಾರೆ.

ಕೂಡುವ ಅಂಗ ಸಿಕ್ಕಿತು, ನೆನಪಿನ ಗೂಡುಗಳು ಸಿಕ್ಕಿದವು. ಇಷ್ಟರಿಂದ ಗಣಕಯಂತ್ರವಾಯಿತೆ? ಆಗಲಿಲ್ಲ. ಯಾವುದನ್ನು ಯಾವಾಗ ಕೂಡಬೇಕೆಂದು ಹೇಳುವವರಾರು? ಮುಂದಿನದನ್ನು ವಿವರಿಸುವುದಕ್ಕಿಂತ ಆಡಿಯೇ ತೋರಿಸುವುದು ಸುಲಭವೆಂದು, ನಾವು ಎರಡು ತಿಂಗಳ ಬಳಿಕ ಅದೇ ಕಾಲೇಜಿಗೆ ಮತ್ತೆ ಹೋದೆವು. ಈ ಸಲ ಉಪನ್ಯಾಸವಿರಲಿಲ್ಲ. ಕರಿಹಲಗೆಯ ಮೇಲೆ 1ರಿಂದ 24ರವರೆಗೆ ಸಂಖ್ಯೆಯಿರುವ ಗೂಡುಗಳನ್ನು ಬರೆದೆವು. ಒಬ್ಬನ ಕೈಗೆ ಸ್ಲೇಟು ಕೊಟ್ಟೆವು. ಇನ್ನೊಬ್ಬನಿಗೆ, ಮುಂದೆ ಓದಬೇಕಾದ ಗೂಡಿನ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು, ಪ್ರತಿಸಲವೂ ಅದಕ್ಕೆ ಒಂದನ್ನು ಕೂಡುತ್ತ ಹೋಗುವ ಕೆಲಸ. ಒಂದೊಂದು ಗೂಡಿನಲ್ಲಿಯೂ ಮೂರು ಅಂಕಿಯ ಒಂದು ಸಂಖ್ಯೆ. ಅದರ ಮೊದಲನೆಯ ಅಂಕಿಯು ಏನು ಮಾಡಬೇಕೆಂಬುದನ್ನೂ, ಉಳಿದೆರಡು ಅಂಕಿಗಳು ಯಾವ ಗೂಡಿನೊಡನೆ ಎಂಬುದನ್ನೂ ಹೇಳುತ್ತವೆ. 1 ಎಂದರೆ ಆ ಗೂಡಿನ ಸಂಖ್ಯೆಯನ್ನು ಸ್ಲೇಟಿಗೆ ಬರೆದುಕೊ. 2 ಎಂದರೆ ಸ್ಲೇಟಿನಲ್ಲಿರುವುದಕ್ಕೆ ಕೂಡು. 3 ಎಂದರೆ ಕಳೆ. 4 ಎಂದರೆ ಸ್ಲೇಟಿನಲ್ಲಿರುವುದನ್ನು ಆ ಗೂಡಿಗೆ ಬರೆ. 5 ಎಂದರೆ ಸ್ಲೇಟಿನಲ್ಲಿ ಸೊನ್ನೆಯಿದ್ದರೆ ಮಾತ್ರ ಆ ಗೂಡಿಗೆ ಹೋಗು. 6 ಎಂದರೆ ಏನೇ ಇರಲಿ ಆ ಗೂಡಿಗೆ ಹೋಗು. 0 ಎಂದರೆ ನಿಲ್ಲು. ಏಳೇ ಆಜ್ಞೆಗಳು. ಗುಣಿಸು ಎಂಬ ಆಜ್ಞೆ ಇವುಗಳಲ್ಲಿ ಇಲ್ಲವೆಂಬುದನ್ನು ಗಮನಿಸಬೇಕು. ಆದರೂ ಏಳನ್ನು ಮೂರರಿಂದ ಗುಣಿಸುವ ಕೆಲಸವನ್ನೇ ಕೊಟ್ಟೆವು. ಗೂಡುಗಳಲ್ಲಿ ಬರೆದದ್ದು ಹೀಗೆ:

ಗೂಡು 1: 121
ಗೂಡು 2: 509
ಗೂಡು 3: 323
ಗೂಡು 4: 421
ಗೂಡು 5: 122
ಗೂಡು 6: 220
ಗೂಡು 7: 422
ಗೂಡು 8: 601
ಗೂಡು 9: 000
ಗೂಡು 20: 007
ಗೂಡು 21: 003
ಗೂಡು 22: 000
ಗೂಡು 23: 001

ಇದನ್ನು ಓದುವ ಬಗೆ ಹೀಗೆ. 21ನೆಯ ಗೂಡಿನಲ್ಲಿ ಇನ್ನೆಷ್ಟು ಸಲ ಕೂಡಬೇಕೆಂಬ ಎಣಿಕೆಯಿದೆ. ಅದನ್ನು ಸ್ಲೇಟಿಗೆ ತಂದು, ಸೊನ್ನೆಯಾಗಿದ್ದರೆ ಒಂಬತ್ತನೆಯ ಗೂಡಿಗೆ ಹೋಗಿ ನಿಲ್ಲಬೇಕು. ಇಲ್ಲವಾದರೆ ಎಣಿಕೆಯಿಂದ ಒಂದನ್ನು ಕಳೆದು ಹಿಂದಕ್ಕೆ ಬರೆದು, 22ನೆಯ ಗೂಡಿನಲ್ಲಿರುವ ಉತ್ತರಕ್ಕೆ ಏಳನ್ನು ಕೂಡಿ ಅಲ್ಲಿಯೇ ಬರೆದು, ಮತ್ತೆ ಮೊದಲಿನಿಂದ ಆರಂಭಿಸಬೇಕು. ಒಟ್ಟು ಇಪ್ಪತ್ತೇಳು ಹೆಜ್ಜೆಗಳಾದ ಮೇಲೆ ಯಂತ್ರವು ನಿಂತು, 22ನೆಯ ಗೂಡಿನಲ್ಲಿ 21 ಇರಬೇಕು. ಚೀಟಿಯವನಾಗಲಿ ಸ್ಲೇಟಿನವನಾಗಲಿ ಗುಣಾಕಾರವನ್ನು ಯೋಚಿಸುವ ಅಗತ್ಯವೇ ಇಲ್ಲ. ಯೋಚಿಸಲೂ ಕೂಡದೆಂದು ನಾವು ಕಟ್ಟಪ್ಪಣೆ ಮಾಡಿದ್ದೆವು.

ಮೊದಲನೆಯ ಸಲ ಉತ್ತರ ಬಂದದ್ದು 7. ಮೂರೇಳಲ ಏಳು! ಎಲ್ಲರೂ ಸ್ಲೇಟಿನವನನ್ನು ದೂರಿದರು. ಅವನೋ ತಾನು ಹೇಳಿದಷ್ಟನ್ನೇ ಮಾಡಿದೆನೆಂದು ವಾದಿಸಿದ. ಆಗ, ಹಿಂದಿನ ಸಲ ಪ್ರಶ್ನೆ ಕೇಳಿದ್ದ ಆ ವಿದ್ಯಾರ್ಥಿನಿಯೇ ಹಲಗೆಯ ಬಳಿ ಬಂದು, "ಸಾರ್, ಮೊದಲನೆಯ ಗೂಡು ಅಳಿಸಿಹೋಗಿದೆ" ಎಂದಳು. ನೋಡಿದರೆ, ನಾಲ್ಕನೆಯ ಗೂಡಿನಲ್ಲಿ 421 ಎಂದು ಬರೆಯುವ ಬದಲು ನಾವೇ 401 ಎಂದು ಬರೆದಿದ್ದೆವು. ಒಂದು ಕಳೆದು ಉಳಿದ 2 ಎಂಬುದು 21ನೆಯ ಗೂಡಿಗೆ ಹೋಗುವ ಬದಲು ಮೊದಲನೆಯ ಗೂಡಿಗೆ ಹೋಗಿ, ಅಲ್ಲಿದ್ದ 121ನ್ನು ಅಳಿಸಿ 002 ಆಗಿ ಕುಳಿತಿತ್ತು. ಒಂದು ಸುತ್ತು ಮುಗಿಸಿ ಬಂದ ಯಂತ್ರವು ಮೊದಲನೆಯ ಗೂಡಿನಲ್ಲಿ ಸೊನ್ನೆಯಿಂದ ಮೊದಲಾಗುವ ಸಂಖ್ಯೆಯನ್ನು ಕಂಡು, ಅದನ್ನು 'ನಿಲ್ಲು' ಎಂಬ ಆಜ್ಞೆಯೆಂದು ಓದಿ ನಿಂತುಬಿಟ್ಟಿತ್ತು.

ಸರಿಯಾಗಿ ಬರೆದಿದ್ದರೆ ಇಷ್ಟು ಕಲಿಯುತ್ತಿರಲಿಲ್ಲವೆಂದೇ ನಮಗೆ ತೋರುತ್ತದೆ. 2 ಎಂಬುದು ಎಣಿಕೆಯೋ ಆಜ್ಞೆಯೋ? ಗೂಡನ್ನು ನೋಡಿ ಹೇಳಲು ಬರುವುದಿಲ್ಲ. ಚೀಟಿಯು ಆ ಗೂಡನ್ನು ತೋರಿಸಿದರೆ ಅದು ಆಜ್ಞೆ; ಆಜ್ಞೆಯೊಂದು ಆ ಗೂಡನ್ನು ತೋರಿಸಿದರೆ ಅದು ಸಂಖ್ಯೆ. ಆಜ್ಞೆಗಳನ್ನೂ ಸಂಖ್ಯೆಗಳನ್ನೂ ಒಂದೇ ನೆನಪಿನಲ್ಲಿ, ಒಂದೇ ರೂಪದಲ್ಲಿ ಇಡುವ ಈ ಉಪಾಯವೇ ಇಂದಿನ ಗಣಕಯಂತ್ರದ ಜೀವಾಳ. 1946ರಲ್ಲಿ ಪ್ರಕಟವಾಗಿ ಪ್ರಸಿದ್ಧವಾದ ಅಮೆರಿಕದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ನಿರ್ವಾತ ನಳಿಕೆಗಳಿದ್ದವು. ಆದರೆ ಮೊದಮೊದಲು ಅದಕ್ಕೆ ಹೊಸ ಲೆಕ್ಕವನ್ನು ಕೊಡಬೇಕಾದರೆ ತಂತಿಗಳನ್ನು ಕಿತ್ತು ಬೇರೆಡೆ ಸಿಕ್ಕಿಸಬೇಕಾಗಿತ್ತು. ಆಜ್ಞೆಗಳನ್ನು ನೆನಪಿನಿಂದಲೇ ಓದಿ ನಡೆದ ಮೊದಲನೆಯ ಎಲೆಕ್ಟ್ರಾನಿಕ್ ಯಂತ್ರವು ಇಂಗ್ಲೆಂಡಿನ ಮ್ಯಾಂಚೆಸ್ಟರಿನದು. ಫ್ರೆಡ್ಡಿ ವಿಲಿಯಮ್ಸ್, ಟಾಮ್ ಕಿಲ್ಬರ್ನ್, ಜೆಫ್ ಟೂಟಿಲ್ ಎಂಬವರು ಕಟ್ಟಿದ ಅದನ್ನು 'ಬೇಬಿ' ಎಂದೇ ಕರೆಯುತ್ತಾರೆ. ಅದರಲ್ಲಿದ್ದದ್ದು 32 ಗೂಡುಗಳು, ಒಂದೊಂದರಲ್ಲಿ 32 ಬಿಟ್ಟುಗಳು, ಮತ್ತು ಏಳು ಆಜ್ಞೆಗಳು. ಕರಿಹಲಗೆಯ ಮೇಲಿನ ನಮ್ಮ ಆಟಕ್ಕಿಂತ ಅದು ಬಹಳ ದೊಡ್ಡದೇನೂ ಅಲ್ಲ! ಅದಕ್ಕೆ ಕೂಡಲೂ ಬರುತ್ತಿರಲಿಲ್ಲ; ಕಳೆಯಲು ಮಾತ್ರ ಬರುತ್ತಿತ್ತು. 1948ರ ಜೂನ್ 21ರಂದು, ಹದಿನೇಳು ಆಜ್ಞೆಗಳ ಪ್ರೋಗ್ರಾಮಿನಿಂದ, 262144 ಎಂಬ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ, ಆದರೆ ಅದಕ್ಕಿಂತ ಚಿಕ್ಕದಾದ, ಅತಿ ದೊಡ್ಡ ಸಂಖ್ಯೆಯನ್ನು ಅದು ಹುಡುಕಿತು. ಅರ್ಧ ಮಾಡಿದರೆ ಬರುವ 131072 ಎಂದು ನಾವು ತಟ್ಟನೆ ಹೇಳಬಹುದು. ಅದಾದರೋ ದೊಡ್ಡದರಿಂದ ಕೆಳಕ್ಕೆ ಒಂದೊಂದನ್ನೇ ಕಳೆದು ಕಳೆದು ಪರೀಕ್ಷಿಸುತ್ತ, ಸುಮಾರು 35 ಲಕ್ಷ ಹೆಜ್ಜೆಗಳನ್ನು 52 ನಿಮಿಷಗಳಲ್ಲಿ ಮುಗಿಸಿ, ಅದೇ ಉತ್ತರವನ್ನು ಕೊಟ್ಟಿತು. ಸೆಕೆಂಡಿಗೆ ಸುಮಾರು 1,100 ಹೆಜ್ಜೆಗಳಾದವು. ನಮ್ಮ ವಿದ್ಯಾರ್ಥಿಗಳು ಇಪ್ಪತ್ತೇಳು ಹೆಜ್ಜೆಗಳಿಗೆ ಇಪ್ಪತ್ತು ನಿಮಿಷ ತೆಗೆದುಕೊಂಡರು.

ಅಲ್ಲಿಂದ ಇಲ್ಲಿಯವರೆಗೆ ಮೂಲತತ್ತ್ವವು ಬದಲಾಗಿಲ್ಲ, ಬದಲಾದದ್ದು ಸ್ವಿಚ್ಚು. ರಿಲೇಯ ತಗಡು ಚಲಿಸಬೇಕು. ನಿರ್ವಾತ ನಳಿಕೆ ಬಿಸಿಯಾಗಬೇಕು. 1947ರಲ್ಲಿ ಕಂಡುಹಿಡಿದ ಟ್ರಾನ್ಸಿಸ್ಟರಿನಲ್ಲಿ ಚಲಿಸುವ ಭಾಗವೂ ಇಲ್ಲ, ಕಾಯುವ ತಂತಿಯೂ ಇಲ್ಲ. ಒಂದು ತುದಿಗೆ ಕೊಟ್ಟ ಸ್ವಲ್ಪ ವಿದ್ಯುತ್ತು ಇನ್ನೆರಡು ತುದಿಗಳ ನಡುವಣ ದಾರಿಯನ್ನು ತೆರೆಯುತ್ತದೆ ಅಥವಾ ಮುಚ್ಚುತ್ತದೆ. 1971ರ ಇಂಟೆಲ್ 4004 ಎಂಬ ಚಿಪ್ಪಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರುಗಳಿದ್ದವು. 2020ರಲ್ಲಿ ಬಂದ ಆಪಲ್ ಎಂ1 ಚಿಪ್ಪಿನಲ್ಲಿ 1,600 ಕೋಟಿ. ಸೆಕೆಂಡಿಗೆ 300 ಕೋಟಿ ಸಲ ಮಿಡಿಯುವ ಪ್ರೊಸೆಸರುಗಳು ಇಂದು ಸಾಮಾನ್ಯವಾಗಿವೆ. ಅಂಥದರ ಎರಡು ಮಿಡಿತಗಳ ನಡುವೆ ಬೆಳಕು ಸಾಗುವ ದೂರ ಹತ್ತು ಸೆಂಟಿಮೀಟರು, ಅರ್ಧ ಗೇಣಿನಷ್ಟು. ಈ ವೇಗದಿಂದಲೇ ಯಂತ್ರವು ಬುದ್ಧಿಯಿಂದ ಮಾಡಿದಂತೆ ಕಾಣುವ ಕೆಲಸಗಳು ಸಾಧ್ಯವಾಗಿರುವುದು. ಹಾಡು, ಚಿತ್ರ, ಆಟ ಎಲ್ಲವೂ ತೀರ ಕೆಳಗೆ ಬಂದರೆ ತರು, ಕೂಡು, ಕಳೆ, ಬರೆ, ಹೋಗು ಎಂಬ ಜಾತಿಯ ಆಜ್ಞೆಗಳೇ.

ಇನ್ನು 'ಕ' ಅಕ್ಷರದ ಪ್ರಶ್ನೆಗೆ ಬರೋಣ. ಅದು 'ಕ' ಎಂದು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಒಂದೊಂದು ಲಿಪಿಯ ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆಯನ್ನು ಗೊತ್ತುಮಾಡಿರುವ ಯೂನಿಕೋಡ್ ಎಂಬ ಒಪ್ಪಂದವಿದೆ. 1991ರಲ್ಲಿ ಬಂದ ಅದರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆತಿದೆ. ಅದರಂತೆ 'ಕ' ಎಂದರೆ 3221. ಕೀಲಿಯನ್ನು ಒತ್ತಿದಾಗ ಒಂದು ಸ್ವಿಚ್ಚು ಮುಚ್ಚಿ, ಅದು ಯಾವ ಕೀಲಿಯೆಂಬ ಸಂಖ್ಯೆ ಒಳಗೆ ಹೋಗುತ್ತದೆ. ಒಂದು ಪ್ರೋಗ್ರಾಮು ಆ ಸಂಖ್ಯೆಯ ಬದಲಿಗೆ 3221ನ್ನು ನೆನಪಿನ ಗೂಡಿನಲ್ಲಿ ಬರೆಯುತ್ತದೆ. ಇನ್ನೊಂದು ಪ್ರೋಗ್ರಾಮು 3221ಕ್ಕೆ ಸೇರಿದ ಆಕಾರವನ್ನು, ಅದೂ ಸಂಖ್ಯೆಗಳ ರೂಪದಲ್ಲಿಯೇ ಇರುವುದನ್ನು, ಹುಡುಕಿ ತಂದು ತೆರೆಯ ಮೇಲಿನ ಚುಕ್ಕಿಗಳನ್ನು ಬೆಳಗಿಸುತ್ತದೆ. ಅದನ್ನು 'ಕ' ಎಂದು ಓದುವವರು ನಾವು. 'ಕಿ' ಎಂದು ಬರೆದರೆ ಒಳಗೆ ಎರಡು ಸಂಖ್ಯೆಗಳಿರುತ್ತವೆ, 3221 ಮತ್ತು ಗುಡಿಸಿಗೆ ಸೇರಿದ 3263. ಕಣ್ಣಿಗೆ ಒಂದಾಗಿ ಕಾಣುವ ಅಕ್ಷರವನ್ನು ಅಳಿಸಲು ಹೋದಾಗ ಕೆಲವು ವೇಳೆ ಗುಡಿಸು ಮಾತ್ರ ಅಳಿಸಿ 'ಕ' ಉಳಿಯುವುದು ಇದರಿಂದಲೇ. 3221ನ್ನು ತಕ್ಕಡಿಯ ಕ್ರಮದಲ್ಲಿ ಬರೆದರೆ 110010010101. ಛಂದಸ್ಸಿನಲ್ಲಿ ಆಸಕ್ತಿಯುಳ್ಳವರು 1ನ್ನು ಗುರು, 0ಯನ್ನು ಲಘು ಎಂದು ಭಾವಿಸಿ ಗಣ ಹಾಕಿದರೆ ತ, ಜ, ಜ, ರ ಎಂದು ಬರುತ್ತದೆ. ನಾಲ್ಕನೆಯ ಸ್ಥಾನದ ಲಘುವೊಂದು ಗುರುವಾಗಿದ್ದಿದ್ದರೆ ತ, ತ, ಜ, ರ, ಅಂದರೆ ಇಂದ್ರವಂಶದ ಪಾದವೇ ಆಗುತ್ತಿತ್ತು! ಇದು ಕೇವಲ ಆಕಸ್ಮಿಕ. ಇದರಲ್ಲಿ ಯಾವ ಗೂಢಾರ್ಥವನ್ನೂ ಹುಡುಕಬಾರದು.

ಮುಂದೆ ಹೋಗಬಯಸುವವರಿಗೆ ದಾರಿಗಳಿವೆ. ಬೆಲ್ ಪ್ರಯೋಗಾಲಯದವರು 1968ರಲ್ಲಿ ಶಾಲೆಯ ವಿದ್ಯಾರ್ಥಿಗಳಿಗಾಗಿ 'ಕಾರ್ಡಿಯಾಕ್' ಎಂಬ ರಟ್ಟಿನ ಗಣಕವನ್ನು ಹೊರತಂದರು. ಅದೂ ನಮ್ಮ ಗೂಡುಗಳ ಆಟದಂಥದೇ. ನಿಸಾನ್ ಮತ್ತು ಶೋಕನ್ ಎಂಬ ಅಧ್ಯಾಪಕರು 2005ರಲ್ಲಿ ಪ್ರಕಟಿಸಿದ ಪಠ್ಯಕ್ರಮವು ಒಂದೇ ಜಾತಿಯ ಸ್ವಿಚ್ಚಿನ ಜೋಡಣೆಯಿಂದ ಹೊರಟು ಪೂರ್ತಿ ಗಣಕವನ್ನೂ ಅದರ ಭಾಷೆಯನ್ನೂ ವಿದ್ಯಾರ್ಥಿಯ ಕೈಯಿಂದಲೇ ಕಟ್ಟಿಸುತ್ತದೆ. ಹೀಗೆ ಕಟ್ಟಿ ಕಲಿಯುವುದು ನಮ್ಮ ದೇಶಕ್ಕೂ ಹೊಸದಲ್ಲ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆರ್. ನರಸಿಂಹನ್ ಅವರ ನೇತೃತ್ವದ ತರುಣರ ತಂಡವು, ತಮ್ಮಲ್ಲಿ ಹೆಚ್ಚಿನವರು ಗಣಕಯಂತ್ರವನ್ನು ಬಳಸಿದವರೇ ಅಲ್ಲದಿದ್ದರೂ, 1956ರಲ್ಲಿ ಒಂದು ಚಿಕ್ಕ ಮಾದರಿಯನ್ನು ಕಟ್ಟಿ ಕಲಿತು, 1960ರಲ್ಲಿ ದೊಡ್ಡದನ್ನು ಮುಗಿಸಿತು. 1962ರಲ್ಲಿ ಅದಕ್ಕೆ ಟಿಫ್ರಾಕ್ ಎಂದು ಹೆಸರಿಡಲಾಯಿತು.

ವಾಚಕರಿಗೆ ಒಂದು ಲೆಕ್ಕವನ್ನು ಬಿಡುತ್ತೇವೆ. ಮೇಲಿನ ಏಳು ಆಜ್ಞೆಗಳಿಂದ 21ನ್ನು 7ರಿಂದ ಭಾಗಿಸುವ ಪ್ರೋಗ್ರಾಮನ್ನು ಬರೆಯಿರಿ. ಏಳನ್ನು ಕಳೆಯುತ್ತ ಹೋಗಿ ಎಷ್ಟು ಸಲ ಕಳೆದೆವೆಂದು ಎಣಿಸಿದರಾಯಿತು. ಆ ಬಳಿಕ 21ರ ಬದಲು 22ನ್ನು ಇಟ್ಟು ನಡೆಸಿ ನೋಡಿರಿ. ಸ್ಲೇಟಿನಲ್ಲಿ 15, 8, 1 ಬಂದು, ಸೊನ್ನೆಯನ್ನು ಮುಟ್ಟದೆ, ಸೊನ್ನೆಗಿಂತ ಕೆಳಗೆ ಇಳಿದುಹೋಗುತ್ತದೆ. ಯಂತ್ರವು ನಿಲ್ಲುವುದೇ ಇಲ್ಲ. ಅದನ್ನು ನಿಲ್ಲಿಸಲು ಎಂಟನೆಯ ಆಜ್ಞೆಯೊಂದನ್ನು ನೀವೇ ಕಲ್ಪಿಸಬೇಕಾಗುತ್ತದೆ. ಅದು ಯಾವುದಿರಬಹುದು? ಮ್ಯಾಂಚೆಸ್ಟರಿನ ಬೇಬಿಯ ಏಳು ಆಜ್ಞೆಗಳಲ್ಲಿ ಅದಕ್ಕೆ ಹತ್ತಿರವಾದುದೊಂದು ಇತ್ತು.